ವಿಭೂತಿ ಹತ್ತಿದ ಕನ್ನಡಕ

ಚನ್ನರಾಯಪಟ್ಟಣ
8-10-1938

ಪ್ರೀತಿಯ ಪ್ರೇಮಾ,

ಚೆನ್ನಾಗಿದ್ದೀಯಾ? ನಿನ್ನ ಅಷ್ಟೂ ಕಾಗದಗಳಿಗೆ ಇದೊಂದೇ ಉತ್ತರ, ತಡವಾಯಿತೆಂದು ಬೈದುಕೋ. ಮಗು ಮಲಗಿದರೆ ಒಲೆ ಕರೆಯುತ್ತದೆ, ಒಲೆ ಆರಿದರೆ ಮಗು ಏಳುತ್ತದೆ.

ಈ ತಿಂಗಳೊಳಗೆ ಮದರಾಸಿಗೆ ಬಂದು ವಿಮಾನ ಹಾರಿಸಿ ತೋರಿಸದಿದ್ದರೆ ನನ್ನ ಲೈಸೆನ್ಸು ರದ್ದಾಗುತ್ತದೆ ಎಂದು ಬರೆದಿದ್ದೀಯ. ಗೊತ್ತು ಕಣೇ. ಅಲ್ಲಿನ ವಿಮಾನ ಕ್ಲಬ್ಬಿನಲ್ಲಿ ಇದ್ದ ಹೆಂಗಸರೆಂದರೆ ನಾವಿಬ್ಬರೇ. ಸೆರಗು ಬಿಗಿದು ವಿಮಾನ ಹತ್ತುವಾಗ, ಇವರು ಯಾವಾಗ ಬೀಳುತ್ತಾರೋ ಎಂದು ಗಂಡಸರು ಸಾಲಾಗಿ ನಿಂತು ಕಾಯುತ್ತಿದ್ದರಲ್ಲ, ಕೊನೆಗೂ ಅವರನ್ನು ಗೆಲ್ಲಿಸಿಬಿಟ್ಟೆ. ನಾನು ಬರುವುದಿಲ್ಲ.

ಇಲ್ಲಿ ಯಾರೂ ಬೇಡವೆಂದಿಲ್ಲ, ಅದೇ ಕಷ್ಟ. ನಮ್ಮ ಯಜಮಾನರು ಕೊಬ್ಬರಿ ಮಂಡಿಯಿಂದ ಬಂದು, "ಓಗ್ಬಾ, ಬ್ಯಾಡ ಅಂದೋರ್ಯಾರು? ಈ ಸಂತೆ ಒಂದು ಕಳೀಲಿ" ಅನ್ನುತ್ತಾರೆ. ಸಂತೆ ವಾರವಾರವೂ ಬರುತ್ತದೆ.

ನನ್ನ ಅತ್ತೆ ರೇವಮ್ಮನವರು ನಿನಗೆ ಗೊತ್ತಲ್ಲ. ಮದುವೆಯಾದ ವರ್ಷ ಆಯುಧಪೂಜೆಗೆ ತಕ್ಕಡಿ, ಕಾಯಿ ಸುಲಿಯುವ ಹಾರೆಗಳ ಸಾಲಿನಲ್ಲಿ ನನ್ನ ಹಾರಾಟದ ಕನ್ನಡಕವನ್ನೂ ಇಡಿಸಿ, ಗಾಜಿಗೆಲ್ಲ ವಿಭೂತಿ ಬಳಿದಿದ್ದರು. "ಇನ್ನು ಇದ್ರಲ್ಲಿ ದಾರಿ ಕಾಣಲ್ವಲ್ಲ ಅತ್ತೆ" ಅಂದರೆ, "ಸಿವ ಕಾಣ್ತಾನೆ ಬುಡವ್ವ" ಅಂದಿದ್ದರು. ಅತ್ತೆ ಸೊಸೆ ಇಬ್ಬರೂ ನಕ್ಕದ್ದು ಬೀದಿಗೆ ಕೇಳಿತ್ತು. ಹೋದ ವರ್ಷವೂ ಅದನ್ನೇ ಇಟ್ಟೆ.

ಆ ಕನ್ನಡಕವನ್ನು ನಿನಗೆ ಪಾರ್ಸೆಲ್ ಮಾಡಿದ್ದೇನೆ. ನಿನ್ನದರ ಗಾಜು ಬಿರುಕು ಬಿಟ್ಟಿದೆಯಂತಲ್ಲ, ಇದನ್ನು ಹಾಕಿಕೋ. ಅಂಚಿನಲ್ಲಿ ವಿಭೂತಿ ಉಳಿದಿದೆ, ಎಷ್ಟು ಉಜ್ಜಿದರೂ ಹೋಗಲಿಲ್ಲ. ನೀನಾದರೂ ಹಾರುವುದನ್ನು ಬಿಡಬೇಡ. ನನಗೆ ಹೊಟ್ಟೆಕಿಚ್ಚಿದೆ, ಸುಳ್ಳು ಹೇಳುವುದಿಲ್ಲ. ಆದರೂ ಬಿಡಬೇಡ.

ಶಿವ ನಿನ್ನನ್ನು ಸುಖವಾಗಿ ಮೇಲೇರಿಸಲಿ, ಸುಖವಾಗಿ ಇಳಿಸಲಿ.

ನಿನ್ನ
ನೀಲಾಂಬಿಕೆ

ಮತ್ತೊಂದು ಮಾತು: ಮಗು, ಒಲೆ, ಸಂತೆ ಎಲ್ಲ ನೆಪ. ಮೊನ್ನೆ ಆಯುಧಪೂಜೆಯಲ್ಲಿ ಅತ್ತೆ, "ನೀಲವ್ವ, ನಿನ್ ಆಯ್ದ ತಂದಿಡು ಕಣವ್ವ" ಎಂದು ಕೂಗಿದರು. ಒಳಗೆ ಓಡಿ, ತಂದಿಟ್ಟು, ಕೈಮುಗಿದು ನಿಂತೆ. ಅತ್ತೆ ವಿಭೂತಿ ಹಿಡಿದವರು ಹಾಗೇ ನಿಂತರು. "ಇದ್ಯಾಕವ್ವ ತಂದೆ?" ಅಂದರು. ನೋಡಿದರೆ ಈಳಿಗೆಮಣೆ. ಕನ್ನಡಕ ನನಗೆ ನೆನಪೇ ಆಗಿರಲಿಲ್ಲ ಪ್ರೇಮಾ.  ಕೊನೆಗೆ ಅತ್ತೆ ಆ ಈಳಿಗೆಮಣೆಗೇ ವಿಭೂತಿ ಹಚ್ಚಿದರು.