ನಾನಿಟ್ಟ ಹೆಸರು

ಮಾರ್ಚ್ 3
ಮಧ್ಯಾಹ್ನದೊಳಗೆ ನಾಲ್ಕು ಪಂಕ್ಚರ್, ಒಂದು ಕ್ಲಚ್ ಕೇಬಲ್. ಊಟಕ್ಕೆ ಕೂತಾಗ ಗ್ರೂಪಿಗೊಂದು ವೀಡಿಯೊ ಬಂತು. ಆಸ್ಪತ್ರೆ ವಾರ್ಡು. ಮಾಸ್ಕ್ ಹಾಕಿದ ನರ್ಸ್, ತಲೆ ಬಗ್ಗಿಸಿ ಕುರ್ಚಿಯಲ್ಲೇ ನಿದ್ದೆ. ಪಕ್ಕದ ಮಂಚದ ಮುದುಕ ನೀರು ನೀರು ಅನ್ನುತ್ತಿದ್ದಾನೆ. ಎಂಟೇ ಸೆಕೆಂಡ್.
"ಹೆಸರಿಡೋದ್ರಲ್ಲಿ ನೀನು ಎತ್ತಿದ ಕೈ. ಇವಳಿಗೂ ಒಂದಿಡಪ್ಪ," ಅಂದರು ಗ್ಯಾರೇಜಿನ ಮೇಸ್ತ್ರಿ.
'ಗೊರಕೆ ಮೇಡಂ' ಅಂತ ಬರೆದು ಹತ್ತು ಗ್ರೂಪಿಗೆ ಬಿಟ್ಟೆ. ಮೇಸ್ತ್ರಿ ನಕ್ಕು ನಕ್ಕು ಟೀ ಚೆಲ್ಲಿಕೊಂಡರು.

ಮಾರ್ಚ್ 4
ಅಕ್ಕ ಡ್ಯೂಟಿಯಿಂದ ಬೇಗ ಬಂದಿದ್ದಳು. ಅಮ್ಮ ಅನ್ನ ಬಡಿಸಿದರೂ ಮಾಸ್ಕ್ ತೆಗೆಯಲಿಲ್ಲ.
"ವೀಡಿಯೊದಲ್ಲಿರೋದು ನಾನೇ ಕಣಮ್ಮ."
ಮುಂದಿನ ಪಾಳಿಯವಳು ಬರಲಿಲ್ಲವಂತೆ. ಎರಡು ಪಾಳಿ ಒಬ್ಬಳೇ. ಮುದುಕನಿಗೆ ಆಗಷ್ಟೇ ಆಪರೇಷನ್ ಆಗಿತ್ತು, ನೀರು ಕೊಡುವ ಹಾಗೇ ಇರಲಿಲ್ಲ... ವಿಚಾರಣೆ ಮುಗಿಯುವವರೆಗೆ ಬರಬೇಡ ಅಂದಿದ್ದಾರೆ.
ಬಚ್ಚಲಿಗೆ ಹೋಗಿ ಡಿಲೀಟ್ ಮಾಡಿದೆ. ನನ್ನ ಫೋನಿಂದ ಹೋಯಿತು. ಊರಿನ ಫೋನುಗಳಿಂದ?

ಮಾರ್ಚ್ 9
ಸೋಪು ತರಲು ಹೋದರೆ ಅಂಗಡಿಯವನು, "ನೀನು ಗೊರಕೆ ಮೇಡಂ ತಮ್ಮ ಅಲ್ವಾ?" ಇದೇ ಅಂಗಡಿಯವನು ಅಕ್ಕನಿಂದ ಪುಕ್ಕಟೆ ಬಿಪಿ ನೋಡಿಸಿಕೊಳ್ಳುತ್ತಿದ್ದ.
ಅವಳು ನನ್ನಕ್ಕ ಅಂತ ಮೇಸ್ತ್ರಿಗೂ ಗೊತ್ತಾಗಿದೆ. ನಟ್ಟು ಬಿಗಿಮಾಡುತ್ತಲೇ ಅಂದರು, "ಯಾರಿಗೂ ಹೇಳಲ್ಲ ಕಣಯ್ಯ." ಹೇಳಿದ್ದರೇ ಚೆನ್ನಾಗಿತ್ತು.

ಮಾರ್ಚ್ 13
ತಪ್ಪಿಲ್ಲ ಅಂತ ವಿಚಾರಣೆಯಲ್ಲಿ ತೀರ್ಮಾನ. ಅಕ್ಕ ಯೂನಿಫಾರಂ ಇಸ್ತ್ರಿ ಮಾಡಿಕೊಂಡು ಹೋದಳು. ಎರಡು ಗಂಟೆಗೆಲ್ಲ ವಾಪಸ್. ಇಂಜೆಕ್ಷನ್ ಹಿಡಿದು ಹೋದರೆ ರೋಗಿಯ ಹೆಂಡತಿ ಅಡ್ಡ ನಿಂತಳಂತೆ— "ಎಚ್ಚರ ಇರೋರನ್ನ ಯಾರನ್ನಾದ್ರೂ ಕಳಿಸಿ."
ವಾರ್ಡೆಲ್ಲ ನಕ್ಕಿತಂತೆ.

ಮಾರ್ಚ್ 15, ಸಂಜೆ
ರಾಜೀನಾಮೆ ಬರೆದಿದ್ದಾಳೆ. ಒಂಬತ್ತು ವರ್ಷದ ಕೆಲಸ, ನಾಲ್ಕೇ ಸಾಲು. ನನ್ನ ಪಕ್ಕ ಬಂದು ಕೂತಳು.
"ನಿದ್ದೆ ಮಾಡಿದ್ದು ನಿಜ ಕಣೋ. ಜನ ಎರಡು ದಿನ ಬೈದು ಮರೀತಿದ್ರು. ಆ ಹೆಸರು ಇದೆಯಲ್ಲ... ಅದು ಬಿಡ್ತಿಲ್ಲ. ನಿಂಗೆ ಫೋನೆಲ್ಲ ಚೆನ್ನಾಗಿ ಗೊತ್ತು. ಮೊದಲು ಬರೆದೋನು ಯಾರು ಅಂತ ಹುಡುಕಿಕೊಡು."
"ಸಿಕ್ಕಿದ್ರೆ ಏನ್ಮಾಡ್ತೀಯಾ?"
"ಜಗಳ ಆಡಲ್ಲ. ನಾನ್ಯಾವ ಜನ್ಮದಲ್ಲಿ ನಿಂಗೇನು ಮಾಡಿದ್ದೆ ಅಂತ ಕೇಳ್ತೀನಿ, ಅಷ್ಟೆ."
ಹೂಂ ಅಂದೆ.
ಈಗ ನನ್ನ ಕೋಣೆಯ ಬಾಗಿಲಾಚೆ ನಿಂತಿದ್ದಾಳೆ. "ಏನೋ, ಸಿಕ್ಕಿದ್ನಾ?"
ಎದ್ದು ಹೋಗಿ ಬಾಗಿಲು ತೆಗೆದು ಹೇಳುತ್ತೇನೆ, ಅಕ್ಕ, ಅವನು ನಾನೇ ಅಂತ.