ಆರ್ವಿಲ್‌ನ ಎಡಗಣ್ಣು

ಡುಲೂತ್, ಮಿನೆಸೋಟಾ
ಅಕ್ಟೋಬರ್ 14, 2008

ನನ್ನ ಮಾರ್ನಿ,

ನಿನ್ನ ಎರಡು ಪತ್ರಗಳೂ ಸೇರಿದವು. ಒಂದಕ್ಕೂ ಉತ್ತರ ಬರೆಯದೆ ಇಡೀ ಬೇಸಿಗೆ ಕಳೆದೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಓದು. ನಿನ್ನ ಮೊಣಕಾಲು ಹೇಗಿದೆ? ಇಲ್ಲಿ ಸರೋವರದ ಕಡೆಯಿಂದ ಚಳಿಗಾಳಿ ಶುರುವಾಗಿದೆ. ನನ್ನ ಗಂಡ ಕ್ಲಿಫ್ ಹಿಮ ಎತ್ತುವ ಸಲಿಕೆಯನ್ನು ಈಗಾಗಲೇ ಬಾಗಿಲ ಪಕ್ಕ ತಂದಿಟ್ಟುಕೊಂಡು ಯುದ್ಧಕ್ಕೆ ಹೊರಟವನಂತೆ ಕಾಯುತ್ತಿದ್ದಾನೆ.

ವಿಮಾ ಕಚೇರಿ ಬಿಟ್ಟು ಕೃತಕ ಕಣ್ಣು ಮಾಡಲು ಕಲಿಯುತ್ತಿದ್ದೇನೆ ಎಂದಷ್ಟೇ ನಿನಗೆ ಬರೆದಿದ್ದೆ. ಅಲ್ಲಿಗೆ ಹೇಗೆ ಹೋಗಿ ಸೇರಿದೆನೆಂದು ಬರೆದಿರಲಿಲ್ಲ. ಸೋತರೆ ನಗೆಪಾಟಲು ಎಂಬ ಅಳುಕು. ಇಂದು ಬರೆಯಬಲ್ಲೆ.

ಐದು ವರ್ಷದ ಹಿಂದೆ ನನ್ನ ಮೇಜಿಗೆ ಒಂದು ಕಡತ ಬಂತು. ಕಣ್ಣು ಕಳೆದುಕೊಂಡ ಹೆಂಗಸೊಬ್ಬಳು ಕೃತಕ ಕಣ್ಣಿನ ಖರ್ಚು ಕೇಳಿ ಹಾಕಿದ ಅರ್ಜಿ. 'ಕೇವಲ ಅಲಂಕಾರಕ್ಕೆ' ಎಂದು ಬರೆದು ತಿರಸ್ಕರಿಸುವುದು ನನ್ನ ಕೆಲಸ. ಅದೇಕೋ ಕೈ ಬರಲಿಲ್ಲ. ಊಟದ ಬಿಡುವಿನಲ್ಲಿ ಆ ಕಣ್ಣು ಮಾಡುವವನ ವಿಳಾಸ ಹುಡುಕಿಕೊಂಡು ಹೋದೆ. ಹಾಲ್ವರ್ಸನ್ ಎಂಬ ಬೋಳುತಲೆಯ ಮುದುಕ, ಗುಂಡಿಯಷ್ಟು ಪುಟ್ಟ ಬಿಲ್ಲೆಯ ಮೇಲೆ ಮೂರು ಕೂದಲಿನ ಕುಂಚದಿಂದ ನೀಲಿ ಎಳೆಗಳನ್ನು ಎಳೆಯುತ್ತಿದ್ದ.

"ಇಂಥ ಕೆಲಸಕ್ಕೂ ಸಂಬಳ ಕೊಡ್ತಾರಾ?" ಎಂದೆ.

"ಕೊಡ್ತಾರೆ. ಕಡಿಮೆ ಕೊಡ್ತಾರೆ. ಬಾಗಿಲು ಹಾಕಮ್ಮ, ಧೂಳು ಬರುತ್ತೆ," ಎಂದ.

ಬಾಗಿಲು ಹಾಕಿದೆ. ಆದರೆ ಒಳಗೇ ಉಳಿದೆ. ಆ ಹೆಂಗಸಿನ ಅರ್ಜಿಯನ್ನು ಒಪ್ಪಿ ಕಳಿಸಿದೆ, ಮುಂದಿನ ತಿಂಗಳು ಕೆಲಸವನ್ನೂ ಬಿಟ್ಟು ಹಾಲ್ವರ್ಸನ್ ಬಳಿ ಕಲಿಯಲು ಸೇರಿದೆ. ಕ್ಲಿಫ್ ತಲೆ ಮೇಲೆ ಕೈ ಹೊತ್ತ. "ನಲವತ್ನಾಲ್ಕಕ್ಕೆ ಅಕ್ಷರಾಭ್ಯಾಸನಾ ನಿಂಗೆ?" ಎಂದು ಗೊಣಗಿದ. ಗೊಣಗುತ್ತಲೇ ಮರುದಿನದಿಂದ ನನಗೆ ಊಟದ ಡಬ್ಬಿ ಕಟ್ಟತೊಡಗಿದ.

ಈ ಸೆಪ್ಟೆಂಬರಿನವರೆಗೂ ನಾನು ಮಾಡಿದ ಪ್ರತಿ ಕಣ್ಣಿಗೂ ಕೊನೆಯ ಬಣ್ಣ ಹಾಲ್ವರ್ಸನ್‌ದೇ. ಆಗ ಬಂದವನು ಆರ್ವಿಲ್, ಹಸು ಸಾಕುವ ರೈತ, ಅರವತ್ತೊಂಬತ್ತರ ಪ್ರಾಯ. ವಸಂತದಲ್ಲಿ ಬೇಲಿಯ ತಂತಿ ಕಿತ್ತುಬಂದು ಹೊಡೆದು ಎಡಗಣ್ಣು ಹೋಗಿತ್ತು. ಅಂದಿನಿಂದ ಚರ್ಚಿಗೂ ಹೋಗಿಲ್ಲ, ಗೆಳೆಯರ ಜೊತೆ ಕಾಫಿಗೂ ಇಲ್ಲ. ಮೊಮ್ಮಗಳ ಮದುವೆ ಹತ್ತಿರವಾಗಿತ್ತು. "ನಾನು ಟ್ರಕ್ಕಲ್ಲೇ ಕೂತಿರ್ತೀನಿ, ಕೇಕ್ ಅಲ್ಲಿಗೇ ತಂದ್ಕೊಡಿ," ಎಂದು ಹಟ ಹಿಡಿದಿದ್ದನಂತೆ. ಅವನ ಹೆಂಡತಿ ಬರ್ನಿಸ್ ಹೇಳಿದಳು.

"ಇದು ನಿಂದು," ಎಂದು ಹಾಲ್ವರ್ಸನ್ ಕೆಲಸವನ್ನು ನನಗೆ ಬಿಟ್ಟ.

ನಾಲ್ಕು ದಿನ ಕೂತು ಎಂಥಾ ನೀಲಿ ಬರೆದೆ ಗೊತ್ತೇ! ಹೆಮ್ಮೆಯಿಂದ ತೋರಿಸಿದೆ. ಹಾಲ್ವರ್ಸನ್ ಭೂತಗನ್ನಡಿ ಹಿಡಿದು ನೋಡಿ, "ಬಹಳ ಚೆನ್ನಾಗಿದೆ. ಅದೇ ತಪ್ಪು. ಇದನ್ನ ನೋಡಿದವರು ನಿನ್ನ ಹೊಗಳ್ತಾರೆ. ಆರ್ವಿಲ್‌ನ ಯಾರು ನೋಡ್ತಾರೆ?" ಎಂದ.

ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಆದರೂ ಆರ್ವಿಲ್‌ನನ್ನು ಮತ್ತೆ ಕರೆಸಿ, ಕಿಟಕಿಯ ಬೆಳಕಿಗೆ ಕೂರಿಸಿ, ಈ ಸಲ ಕುಂಚ ಮುಟ್ಟದೆ ಒಂದು ಗಂಟೆ ಅವನ ಒಳ್ಳೆಯ ಕಣ್ಣನ್ನೇ ನೋಡಿದೆ. ನೀಲಿ ಎಲ್ಲಿತ್ತು? ಬಿಸಿಲಿಗೆ ಬಣ್ಣಗೆಟ್ಟ ಕೆಲಸದ ಅಂಗಿಯ ಬಣ್ಣ. ಅಂಚಿಗೆ ಬೂದಿಯ ಉಂಗುರ, ಕೆಳಗೆ ತುಕ್ಕಿನಂಥ ಒಂದು ಚುಕ್ಕೆ, ಬಿಳಿಯ ಭಾಗದಲ್ಲಿ ಹಳದಿ. ಇದ್ದುದನ್ನು ಇದ್ದಂತೆ ಬರೆದೆ. ನರಗಳಿಗೆಂದು ಕೆಂಪು ರೇಷ್ಮೆಯ ಎಳೆ ಬಿಡಿಸಿ ಇಟ್ಟೆ. ಮಾರ್ನಿ, ಆ ಹೊತ್ತು ನನಗೆ ಹಸಿವಿರಲಿಲ್ಲ, ಬೆನ್ನುನೋವಿರಲಿಲ್ಲ, ನಾನೇ ಇರಲಿಲ್ಲ.

ಕಳೆದ ಗುರುವಾರ ಕಣ್ಣು ಕೂರಿಸಿ ಬರ್ನಿಸ್‌ಳನ್ನು ಒಳಗೆ ಕರೆದೆ. ಅವಳು ಗಂಡನ ಎದುರು ನಿಂತು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದಳು.

"ಹೊಸದು ಯಾವ್ದ್ರೀ?"

"ನನ್ನ ಕೇಳ್ತೀಯಲ್ಲೇ, ನಾನೇನು ನನ್ನ ಮುಖ ನೋಡ್ಕೊಂಡಿದೀನಾ!"

ಅವಳು ನಗುತ್ತಾ ಅವನ ಕೆನ್ನೆ ಹಿಡಿದುಕೊಂಡಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಗೊತ್ತಾಗಲಿಲ್ಲ. "ಮುದುಕಾ, ಎಲ್ಲೋಗಿದ್ದೆ ಇಷ್ಟು ದಿನ?" ಎಂದಳು. ನಾನು ಕುಂಚ ತೊಳೆಯುವ ನೆಪದಲ್ಲಿ ಗೋಡೆಯ ಕಡೆ ತಿರುಗಿದೆ.

ಶನಿವಾರ ಮದುವೆಯಲ್ಲಿ ಮೊಮ್ಮಗಳ ಕೈ ಹಿಡಿದು ಚರ್ಚಿನ ನಡುವೆ ನಡೆದವನು ಆರ್ವಿಲ್ಲೇ. ಫೋಟೋದಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಾನಂತೆ. ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೋದಾಗ ಹಾಲ್ವರ್ಸನ್ ತನ್ನ ಸಾಮಾನು ಗೋಡೆ ಬದಿಗೆ ಸರಿಸಿಕೊಂಡಿದ್ದ. "ಕಿಟಕಿ ಪಕ್ಕದ ಮೇಜು ಇನ್ಮೇಲೆ ನಿಂದು. ಹೊಗಳ್ತೀನಿ ಅಂತ ಕಾಯ್ಬೇಡ, ಹೊರಗೆ ಇಬ್ರು ಕಾಯ್ತಿದಾರೆ," ಎಂದ.

ನಲವತ್ತೊಂಬತ್ತರಲ್ಲಿ ನನ್ನ ಕೆಲಸ ನನಗೆ ಸಿಕ್ಕಿತು ಕಣೇ. ಕೂಗಿ ಹೇಳಬೇಕೆನಿಸುತ್ತದೆ.

ನಿನ್ನ ಮಕ್ಕಳಿಗೆ ನನ್ನ ಹಾರೈಕೆ. ನಿನ್ನ ಕೈಯ ಬಣ್ಣ ಎಂದೂ ಒಣಗದಿರಲಿ.

ನಿನ್ನ
ಲೊರೆಟ್ಟಾ

ತಾ.ಕ.: ಅಂಚೆಗೆ ಹಾಕುವ ಮುನ್ನ ಇನ್ನೊಂದು ಮಾತು. ಹದಿನೆಂಟರಲ್ಲಿ ನಾವಿಬ್ಬರೂ ಚಿತ್ರಕಲಾ ಶಾಲೆಗೆ ಆಯ್ಕೆಯಾದಾಗ 'ಅಪ್ಪ ಬಿಡಲಿಲ್ಲ' ಎಂದೆನಲ್ಲ, ಅದು ಸುಳ್ಳು. ಅಪ್ಪ ಬಸ್ಸಿನ ಟಿಕೆಟನ್ನೂ ತಂದಿದ್ದರು. ನಿನ್ನ ಪಕ್ಕ ಕೂತು ಬರೆದರೆ ನಾನು ಏನೂ ಅಲ್ಲವೆಂದು ತಿಳಿದುಹೋಗುತ್ತದೆ ಎಂದು ಹೆದರಿದೆ. ನೀನು ನಮ್ಮ ಜಗಲಿಯಲ್ಲಿ ನಿಂತು, "ಮಗಳ ಬಾಳು ಹಾಳು ಮಾಡಿದ್ರಿ," ಎಂದು ಅಪ್ಪನಿಗೆ ಬೈದೆ. ನಾನು ಪರದೆಯ ಹಿಂದಿದ್ದೆ. ಅಪ್ಪ ಟೋಪಿ ತೆಗೆದು, ಪೂರ್ತಿ ಕೇಳಿಸಿಕೊಂಡು, "ಹೌದಮ್ಮಾ, ತಪ್ಪಾಯ್ತು," ಎಂದರು. ಒಳಗೆ ಬಂದು ನನ್ನನ್ನು ಏನೂ ಕೇಳಲಿಲ್ಲ. ಸಾಯುವವರೆಗೂ ಕೇಳಲಿಲ್ಲ.