ಮುದ್ರೆ ಒಡೆದ ಚಿನ್ನದ ಗಡಿಯಾರ

ಶಿರಹಟ್ಟಿ, ಫೆಬ್ರವರಿ ೩೦, ೨೨೮೭

ಒಂಬತ್ತು ತಲೆಮಾರಿನ ಹಿಂದಿನ ಪೂಜ್ಯ ಅಜ್ಜ ಚನ್ನಮಲ್ಲಪ್ಪನವರಿಗೆ, ಸೂರ್ಯನನ್ನು ಗದರಿಸಿ ನಡುಹಗಲಲ್ಲಿ ನಿಲ್ಲಿಸಿದ ಏಕೈಕ ಮನುಷ್ಯನಾದ ನಿಮ್ಮ ಮೊಮ್ಮಗ ಫಕ್ಕೀರಪ್ಪನ ಶರಣು. ನಿಮ್ಮ ಫೆಬ್ರವರಿಗೆ ಮೂವತ್ತನೇ ತಾರೀಖು ಇರಲಿಲ್ಲವಂತೆ. ನಮ್ಮವರು ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಓದಿದ್ದು ಊರ ಶಾಲೆಯಲ್ಲಿ, ಅದೂ ಏಳನೇ ಇಯತ್ತೆವರೆಗೆ.

ನೀವು ಕೊಂಡ ಚಿನ್ನದ ಕೈಗಡಿಯಾರ ನನ್ನ ಬಳಿ ಇದೆ. ಇಡೀ ಜಗತ್ತಿಗೆ ಇಪ್ಪತ್ತೈದೇ ಮಾಡಿದ್ದರಂತೆ. ನೀವು ಅದನ್ನು ಒಮ್ಮೆಯೂ ಕಟ್ಟಲಿಲ್ಲ, ನಿಮ್ಮ ಮಕ್ಕಳೂ ಕಟ್ಟಲಿಲ್ಲ. ಪೆಟ್ಟಿಗೆಯ ಮುದ್ರೆ ಒಡೆದರೆ ಬೆಲೆ ಹೋಗುತ್ತದೆಂದು ಎಲ್ಲರೂ ಅದಕ್ಕೆ ಕೈಮುಗಿಯುತ್ತಲೇ ತೀರಿಕೊಂಡರು. ನಮಗಂತೂ ಗಡಿಯಾರವೇ ಬೇಕಿಲ್ಲ. ಹುಟ್ಟಿದ ಕೂಸಿನ ಕಿವಿಯ ಹಿಂದೆ ಗಳಿಗೆಗುಬ್ಬಿ ಕೂರಿಸುತ್ತಾರೆ. ಎಳ್ಳಿನಷ್ಟು ಯಂತ್ರ, ಕೇಳಿದಾಗ ಆಯಾ ಊರಿನ ವೇಳೆ ಹೇಳುತ್ತದೆ. ಬದನೆಕಾಯಿ ಎಷ್ಟು ಹೊತ್ತು ಬೇಯಬೇಕೆಂದು ನನ್ನ ಹೆಂಡತಿ ಅದನ್ನೇ ಕೇಳುತ್ತಾಳೆ, ನನ್ನನ್ನಲ್ಲ.

ನಮ್ಮಣ್ಣನ ಮಗಳು ನೀಲಗಂಗಾಳ ಮದುವೆಯ ಬೆಳಿಗ್ಗೆ ಸೂರ್ಯನಲ್ಲಿ ಬಿರುಗಾಳಿಯೆದ್ದು ಗುಬ್ಬಿಗಳೆಲ್ಲ ಮೂಕವಾದವು. ಅಕ್ಕಿಕಾಳು ಬೀಳಬೇಕಾದದ್ದು ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ. ಮುಹೂರ್ತ ತಪ್ಪಿದರೆ ಮಗನನ್ನು ಎಬ್ಬಿಸಿಕೊಂಡು ಹೊರಡುವುದಾಗಿ ಬೀಗರು ರುದ್ರಗೌಡರು ಹೇಳಿದರು. ಬಿಸಿಲು ನೋಡಿ ವೇಳೆ ಹೇಳುವ ಗಂಡಸು ಒಬ್ಬನೂ ಈ ಮನೆಯಲ್ಲಿಲ್ಲವೇ ಎಂದು ಕುಟುಕಿದರು. ನಾನು ಎದ್ದೆ. ಮಾಸ್ತರರು ಕಲಿಸಿದ್ದಂತೆ ಅಂಗಳದಲ್ಲಿ ಕೋಲು ನೆಟ್ಟೆ. ನೆರಳು ಕುಗ್ಗುತ್ತ ಬಂದು, ಇನ್ನು ಕುಗ್ಗಲಾರೆನೆಂದು ನಿಂತ ಗಳಿಗೆಯೇ ಹನ್ನೆರಡು. ಆದರೆ ಪಡುವಣದಿಂದ ಮೋಡ ಏರುತ್ತಿತ್ತು, ಮೂರರ ಹೊತ್ತಿಗೆ ನೆರಳು ಸಿಗುವಂತಿರಲಿಲ್ಲ. ಒಳಗಿನಿಂದ ಪೆಟ್ಟಿಗೆ ತಂದೆ. ಅದನ್ನು ಕೊಳ್ಳಲು ಬಂದಿದ್ದ ಹುಬ್ಬಳ್ಳಿಯ ಸಂಗ್ರಹಕಾರರು ಹಂದರದಲ್ಲೇ ಕೂತಿದ್ದರು.

“ಕಾಕಾ, ಮುದ್ರಿ ಒಡದ್ರ ಅವ್ರು ಒಯ್ಯಾಂಗಿಲ್ಲ,” ಎಂದಳು ನೀಲಗಂಗಾ.

“ಇವ್ರು ನಿನ್ನ ಒಯ್ದ್ರ ಸಾಕವ್ವಾ,” ಎಂದು ಮುದ್ರೆ ಒಡೆದೆ.

ನೆರಳು ನಿಂತಾಗ ಮುಳ್ಳುಗಳನ್ನು ಹನ್ನೆರಡಕ್ಕೆ ಕೂಡಿಸಿ, ಕೀಲಿ ಕೊಟ್ಟು ಕೈಗೆ ಕಟ್ಟಿಕೊಂಡೆ. ಅಷ್ಟು ತಲೆಮಾರು ಮಲಗಿದ್ದ ಗಡಿಯಾರ ಎರಡು ಸಲ ಕೆಮ್ಮಿ ನಡೆಯತೊಡಗಿತು. ಮೋಡ ಕವಿಯಿತು. ಮೂರು ಹನ್ನೆರಡಕ್ಕೆ ನಾನು ಕೈ ಎತ್ತಿದೆ, ಅಯ್ಯನವರು ಮಂತ್ರ ಮುಗಿಸಿದರು, ಹಂದರದ ತುಂಬ ಅಕ್ಕಿಕಾಳು ಹಾರಿದವು. ರುದ್ರಗೌಡರು ನನ್ನ ಮಣಿಕಟ್ಟು ಹಿಡಿದು ಆ ಮುಳ್ಳುಗಳನ್ನು ಬಹಳ ಹೊತ್ತು ನೋಡಿದರು; ಆಮೇಲೆ ತಮ್ಮ ರುಮಾಲು ಬಿಚ್ಚಿ ನನ್ನ ತಲೆಗೆ ಸುತ್ತಿದರು. ಸಂಜೆ ಗುಬ್ಬಿಗಳಿಗೆ ಬಾಯಿ ಬಂದಾಗ ನೋಡಿದರೆ ನಿಮ್ಮ ಗಡಿಯಾರ ಒಂದೇ ನಿಮಿಷ ಮುಂದಿತ್ತು. ಗುಬ್ಬಿಯೇ ತಪ್ಪಿರಬೇಕು.

ಅಜ್ಜಾ, ಒಂದು ಉಪಕಾರ ಮಾಡಿ. ನಿಮ್ಮ ಕಾಲದಲ್ಲೇ ಒಂದು ಮದುವೆಗಾದರೂ ಅದನ್ನು ಕಟ್ಟಿಕೊಂಡು ಹೋಗಿ. ಮುದ್ರೆ ನೀವೇ ಒಡೆದಿದ್ದರೆ ನನಗಾದ ನಷ್ಟವೂ ತಪ್ಪುತ್ತಿತ್ತು. ಮನೆಯಲ್ಲಿ ಹತ್ತು ದೀಪ ಹೋಯಿತೆಂದು ಹೇಳಿದ್ದೇನೆ. ದೀಪವೆಂದರೆ ನಮ್ಮ ನಾಣ್ಯ. ಒಂದು ದೀಪ ಕೊಟ್ಟರೆ ಒಂದು ಮನೆ ಒಂದು ದಿನ ಬೆಳಗುತ್ತದೆ. ನೀವು ನನ್ನ ಹೆಂಡತಿಗೆ ಹೇಳಲಾರಿರಿ, ಅದಕ್ಕೇ ನಿಮಗೊಬ್ಬರಿಗೆ ನಿಜ ಬರೆಯುತ್ತೇನೆ: ಹೋದದ್ದು ನಲವತ್ತು ಸಾವಿರ.